ಗೇಟ್ ಪಾಸ್ ಬರೆಯದ ಚೀಲ

ಡನ್ನೇಜ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಪಿಲ್ಲಗುಂಪೆಯ ನಮ್ಮ ಕಾರ್ಖಾನೆಯ ಲೋಡಿಂಗ್ ಕಟ್ಟೆಯ ಮೇಲೆ. ಅದು ಹಡಗಿನವರ ಮಾತು. ಸರಕಿನ ಪೆಟ್ಟಿಗೆಗಳು ಅಲುಗಾಡದ ಹಾಗೆ, ತಳಕ್ಕೆ ನೀರು ತಾಗದ ಹಾಗೆ ಸಂದಿಗೊಂದಿಗಳಲ್ಲಿ ತುರುಕುವ ಹಲಗೆ ಚೂರು, ಚಾಪೆ, ಗೋಣಿ, ಈಗಿನ ಕಾಲದ ಗಾಳಿ ಚೀಲ, ಇವಕ್ಕೆಲ್ಲ ಒಟ್ಟಾಗಿ ಇರುವ ಹೆಸರು. ನಮ್ಮ ಪ್ಯಾಕಿಂಗ್‌ನವರ ನಾಲಿಗೆಗೆ ಅದು ಹತ್ತಲಿಲ್ಲ. ಅವರಿಗೆ ಅದು ಒತ್ತು. ಒಲೆಯ ಮೇಲೆ ಪಾತ್ರೆ ವಾಲಿದರೆ ಕಲ್ಲಿನ ಚೂರು ಇಡುತ್ತೇವಲ್ಲ, ಆ ಒತ್ತು. "ಒತ್ತು ಕೊಟ್ಟಾಯ್ತು ಅಕ್ಕ" ಎಂದು ಕಂಟೇನರಿನ ಒಳಗಿಂದ ಕೂಗಿದರೆ ನಾನು ಹೊರಗೆ ನಿಂತು ಫಾರಂನಲ್ಲಿ ಡನ್ನೇಜ್ ಎಂದಿದ್ದ ಕಡೆ ಟಿಕ್ ಹಾಕುತ್ತಿದ್ದೆ.

ನನ್ನದು ಡಿಸ್ಪ್ಯಾಚ್ ವಿಭಾಗದ ಬರವಣಿಗೆ ಕೆಲಸ. ಒಳಗೆ ಬಂದ ಗಾಡಿ, ಹೊರಗೆ ಹೋದ ಪೆಟ್ಟಿಗೆ, ಸೀಲಿನ ನಂಬರು, ಗೇಟ್ ಪಾಸು. ಇದಲ್ಲದೆ ಸ್ವಂತಕ್ಕೆ ಒಂದು ಡೈರಿ ಬರೆಯುವ ಅಭ್ಯಾಸ ಮದುವೆಗೆ ಮುಂಚಿನಿಂದ ಇದೆ. ಅದರಲ್ಲಿ ದೊಡ್ಡ ವಿಷಯವೇನೂ ಇರುವುದಿಲ್ಲ. ಬೆಳಿಗ್ಗೆ ಅವರೆಕಾಳು ಹುಳಿ, ಕಂಪನಿ ಬಸ್ಸು ಹೊಸಕೋಟೆ ಬಿಡುವಾಗಲೇ ತಡ, ಎರಡು ಕಂಟೇನರು ಹೋಯಿತು, ಮಂಡಿ ನೋವು. ಹೀಗೆ.

ಕಂಟೇನರ್ ತುಂಬುವುದಕ್ಕೆ ಒಂದು ಕ್ರಮವಿದೆ. ಖಾಲಿ ಡಬ್ಬ ಕಟ್ಟೆಗೆ ಒರಗಿ ನಿಂತ ಮೇಲೆ ಮೊದಲು ನೆಲದ ಹಲಗೆಯಲ್ಲಿ ಮೊಳೆ ಎದ್ದಿದೆಯೇ ನೋಡಬೇಕು. ಆಮೇಲೆ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಬೇಕು. ಕತ್ತಲೆಯಲ್ಲಿ ಎಲ್ಲಿಂದಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ, ಸಮುದ್ರದ ನೀರು ಬರುತ್ತದೆ ಎಂದು ಅರ್ಥ. ಅದು ಮುಗಿದರೆ ಫೋರ್ಕ್‌ಲಿಫ್ಟ್‌ನವನು ಮರದ ಪೆಟ್ಟಿಗೆಗಳನ್ನು ಎರಡು ಸಾಲಾಗಿ ಇಡುತ್ತಾ ಬರುತ್ತಾನೆ. ಒಂದೊಂದರಲ್ಲೂ ಎರಕದ ಪಂಪ್ ಬಾಡಿಗಳು. ಎಂಟು ಜನ ಸೇರಿದರೂ ಒಂದು ಪೆಟ್ಟಿಗೆ ಮಿಸುಕುವುದಿಲ್ಲ. ಎರಡು ಸಾಲಿನ ನಡುವೆ ಒಬ್ಬ ಸಣಕಲು ಮನುಷ್ಯ ಪಕ್ಕವಾಗಿ ನುಸುಳುವಷ್ಟು ಸಂದಿ ಉಳಿಯುತ್ತದೆ. ಅಲ್ಲಿ ಮೂರು ಗಾಳಿ ಚೀಲ ಇಳಿಬಿಟ್ಟು, ಕಂಪ್ರೆಸರಿನ ಕೊಳವೆ ಹಿಡಿದು, ಗೇಜಿನ ಮುಳ್ಳು ಹಸಿರು ಗೆರೆಗೆ ಬರುವವರೆಗೆ ಗಾಳಿ ತುಂಬಬೇಕು. ಚೀಲ ಉಬ್ಬಿ ಎರಡೂ ಕಡೆಯ ಪೆಟ್ಟಿಗೆಗೆ ಒತ್ತಿ ನಿಂತರೆ ಹಡಗು ಎಷ್ಟು ವಾಲಿದರೂ ಸರಕು ಕದಲುವುದಿಲ್ಲ. ಇದರ ನಡುವೆ, ಕಂಟೇನರ್ ನಂಬರು ಬರೆದ ಹಲಗೆಯನ್ನು ಮುಂದೆ ಹಿಡಿದು ಐದು ಫೋಟೋ. ಖಾಲಿ, ಅರ್ಧ, ಪೂರ್ತಿ, ಚೀಲ ಕಾಣುವಂತೆ ಒಂದು, ಸೀಲು ಹಾಕಿದ ಬಾಗಿಲು.

ಆ ಸಂದಿಗೆ ನುಸುಳುವ ಸಣಕಲು ಮನುಷ್ಯ ಒಬ್ಬನೇ ಇದ್ದ. ಕಂಟ್ರಾಕ್ಟರ್ ಕಡೆಯಿಂದ ಬಂದ ಪ್ಯಾಕರ್, ನಲವತ್ತರ ಹತ್ತಿರದ ವಯಸ್ಸು, ಕೆರೆ ಕಡೆಯ ಒಂದು ಹಳ್ಳಿಯವನು. ಮಾತು ಕಡಿಮೆ. ಊಟಕ್ಕೆ ಮುದ್ದೆ ತರುತ್ತಿದ್ದ. ನನ್ನ ಡಬ್ಬಿಯಿಂದ ಒಂದು ಸೌಟು ಸಾರು ಬಡಿಸಿದರೆ ಬೇಡ ಅನ್ನುತ್ತಿರಲಿಲ್ಲ.

ಒಂದು ವಾರ ಚೀಲಗಳ ಸ್ಟಾಕು ಮುಗಿಯಿತು. ಉಳಿದದ್ದು ಮೂರೇ, ಹೋಗಬೇಕಾದ ಕಂಟೇನರು ದಿನಕ್ಕೆ ಎರಡು. ಮ್ಯಾನೇಜರು ಬಂದು ನೋಡಿದರು. ಹಿಂದೆ ಬಂದರಿನಲ್ಲಿ ಕೆಲಸ ಮಾಡಿದ್ದವರು, ಹಡಗಿನ ಮಾತುಗಳೆಲ್ಲ ಅವರ ಬಾಯಲ್ಲೇ ಇರುತ್ತಿದ್ದವು. ಫೋಟೋ ತೆಗೆದ ಮೇಲೆ ಚೀಲದ ಗಾಳಿ ಬಿಟ್ಟು ಎಳೆದುಕೊಳ್ಳಿ, ಮುಂದಿನದಕ್ಕೆ ಹಾಕಿ, ಚೆನ್ನೈವರೆಗೂ ರಸ್ತೆ ನುಣ್ಣಗಿದೆ ಎಂದರು.

"ಆಮೇಲೆ ಸಮುದ್ರ ಅಲ್ವಾ ಸಾರ್" ಎಂದ ಪ್ಯಾಕರ್.

"ಸಮುದ್ರ ನೋಡಿದ್ದೀಯೇನಪ್ಪಾ?"

"ಇಲ್ಲ ಸಾರ್."

"ಮತ್ತೆ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಅವನಿಗೆ ಸಮುದ್ರ ಎಂದೇ ಹೆಸರಾಯಿತು. ಅವನು ಮಧ್ಯಾಹ್ನ ಸ್ವಲ್ಪ ಒರಗಿದರೆ, "ಏನ್ ಗುರು ಸಮುದ್ರ, ಅಲೆ ಜಾಸ್ತಿನಾ ಇವತ್ತು?" ಎಂದು ಕಾಲಿನಿಂದ ತಿವಿಯುವರು.

ಫೋಟೋ ಆದ ಮೇಲೆ ಅವನು ಪಕ್ಕವಾಗಿ ಒಳಗೆ ನುಸುಳಿ ಚೀಲದ ವಾಲ್ವು ಒತ್ತುತ್ತಿದ್ದ. ಚೀಲ ಸೊರಗುತ್ತಿದ್ದ ಹಾಗೆ ಎರಡೂ ಕಡೆಯ ಪೆಟ್ಟಿಗೆಗಳು ಕಿರ್ ಎನ್ನುತ್ತಿದ್ದವು. ಆಗ ಅವನು ಒಳಗೇ ಇರುತ್ತಿದ್ದ. ಹೊರಗೆ ಬಂದು ಚೀಲ ಕೊಡವಿ ಮಡಚಿದ ಮೇಲೆ ನಾನು ಸೀಲು ಹಾಕಿಸುತ್ತಿದ್ದೆ. ಡೈರಿಯಲ್ಲಿ ಒಂದು ಗೆರೆ ಬರೆಯುತ್ತಿದ್ದೆ: ಫೋಟೋ ನಂತರ ಒತ್ತು ತೆಗೆದದ್ದು, ಎರಡು ಕಂಟೇನರು. ಮೊದಲ ದಿನ ಕೈ ಸ್ವಲ್ಪ ತಡೆಯಿತು. ನಾಲ್ಕನೆಯ ದಿನಕ್ಕೆ ಅದು ಅವರೆಕಾಳು ಹುಳಿಯ ಪಕ್ಕದ ಗೆರೆಯಾಗಿ ಹೋಯಿತು.

ಹೊಸ ಚೀಲ ಬಂದ ಮೇಲೆ ಹಳೆಯ ಮೂರರಲ್ಲಿ ಒಂದನ್ನು ಮೂಲೆಗೆ ಎಸೆದೆವು. ಅದರ ಹೊಲಿಗೆ ಸೋರುತ್ತಿತ್ತು. ಪ್ಯಾಕರೇ ಅದಕ್ಕೆ ಸೈಕಲ್ ಟ್ಯೂಬಿನ ಚೂರು ಅಂಟಿಸಿದ್ದ, ಆದರೂ ಎರಡು ದಿನಕ್ಕೆ ಗಾಳಿ ಇಳಿಯುತ್ತಿತ್ತು. ಅವನು ನನ್ನ ಮೇಜಿನ ಹತ್ತಿರ ಬಂದು ಹೇಳಿದ. ಅವನ ತಾಯಿ ಬಾವಿಕಟ್ಟೆಯ ಹತ್ತಿರ ಬಿದ್ದು ಸೊಂಟ ಮುರಿದುಕೊಂಡು ಮಲಗಿದಲ್ಲೇ ಮಲಗಿದ್ದಾಳೆ, ಬೆನ್ನೆಲ್ಲ ಹುಣ್ಣಾಗಿದೆ, ಆಸ್ಪತ್ರೆಯವರು ಗಾಳಿ ಹಾಸಿಗೆ ತನ್ನಿ ಎಂದಿದ್ದಾರೆ. ಈ ಚೀಲವಾದರೆ ಸೈಕಲ್ ಪಂಪಿನಲ್ಲಿ ದಿನಾ ಸ್ವಲ್ಪ ಹೊಡೆದುಕೊಂಡರೆ ಆಗುತ್ತದೆ.

ಕಾರ್ಖಾನೆಯಿಂದ ಒಂದು ಹಳೆ ಮೊಳೆ ಹೋಗಬೇಕಾದರೂ ಗೇಟ್ ಪಾಸ್ ಬೇಕು, ಅದಕ್ಕೆ ಮ್ಯಾನೇಜರ ಸಹಿ ಬೇಕು. ಅವತ್ತು ಅವರು ರಜೆ. "ತಗೊಂಡೋಗು, ನಾಳೆ ಪಾಸ್ ಬರ್ದಿಡ್ತೀನಿ" ಎಂದೆ. ಸೆಕ್ಯುರಿಟಿಯವನಿಗೆ ನಾನೇ ಗೇಟಿನವರೆಗೆ ಹೋಗಿ, ಹಳೇ ಕವರು, ಬಿಡಿ ಎಂದು ಹೇಳಿದೆ. ಮಾರನೆಯ ದಿನ ಮ್ಯಾನೇಜರು ಯಾವುದಕ್ಕೋ ಸಿಡಿಮಿಡಿಯಾಗಿದ್ದರು, ನಾನು ಸಹಿ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಎಲ್ಲವನ್ನೂ ಬರೆಯುವ ಹೆಂಗಸು ಇದೊಂದನ್ನು ಬರೆಯಲಿಲ್ಲ. ಆ ದಿನದ ಡೈರಿಯ ಪುಟದಲ್ಲಿ ನುಗ್ಗೇಕಾಯಿ ಸಾರು ಇದೆ, ಚೀಲ ಇಲ್ಲ.

ಸರಕು ತಲುಪಿದ ಮೇಲೆ ಆ ಕಡೆಯ ಗಿರಾಕಿಗಳಿಂದ ದೂರು ಬಂತು. ಒಂದು ಕಂಟೇನರಿನ ಬಾಗಿಲು ತೆರೆದ ಕೂಡಲೆ ವಾಲಿ ನಿಂತಿದ್ದ ಪೆಟ್ಟಿಗೆ ಹೊರಗೆ ಉರುಳಿ ಅಲ್ಲಿನ ಕೂಲಿಯವನ ಪಾದ ಜಜ್ಜಿಹೋಗಿತ್ತು. ಅವರು ಫೋಟೋ ಕಳಿಸಿದ್ದರು. ಒಡೆದ ಹಲಗೆ, ಸಂದಿಯಲ್ಲಿ ಚೀಲವಿಲ್ಲ. ನಾವು ಕಳಿಸಿದ್ದ ಫೋಟೋದಲ್ಲಿ ಅದೇ ನಂಬರಿನ ಹಲಗೆ, ಹಿಂದೆ ಉಬ್ಬಿದ ಮೂರು ಚೀಲ. ಮುಂದಿನ ಕಂಟೇನರನ್ನು ಸರಕು ಪರೀಕ್ಷಿಸುವ ತಮ್ಮ ಸರ್ವೇಯರ್ ಎದುರಿಗೇ ತುಂಬಬೇಕು, ಮೂರಲ್ಲ ಆರು ಚೀಲ ಹಾಕಬೇಕು ಎಂದು ಬರೆದಿದ್ದರು.

ಮ್ಯಾನೇಜರು ಎರಡೂ ಫೋಟೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಪ್ಯಾಕಿಂಗ್‌ನವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕಂಟೇನರಿನಿಂದ ಎಲ್ಲರಿಗಿಂತ ಕೊನೆಗೆ ಹೊರಗೆ ಬರುವವನು ಯಾರು ಎಂದು ಕೇಳಿದರು. ಎಲ್ಲರೂ ಅವನನ್ನು ನೋಡಿದರು.

"ನೀವೇ ಹೇಳಿದ್ರಲ್ಲ ಸಾರ್, ಫೋಟೋ ಆದ್ಮೇಲೆ ತೆಗಿ ಅಂತ" ಎಂದ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಮೇಡಂ, ಹಂಗೆ ನಾನು ಬರವಣಿಗೆಲಿ ಏನಾದ್ರೂ ಕೊಟ್ಟಿದ್ದೀನಾ?"

"ಬರವಣಿಗೆಲಿ ಇಲ್ಲ ಸಾರ್" ಎಂದೆ.

ಅದು ನಿಜವೇ. ನಿಜವನ್ನೇ ಹೇಳಿ ಮನುಷ್ಯನನ್ನು ಮುಗಿಸಬಹುದು ಎಂದು ಆಗ ತಿಳಿಯಿತು. ನನ್ನ ಡೈರಿ ಅಲ್ಲೇ, ವ್ಯಾನಿಟಿ ಬ್ಯಾಗಿನಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಇತ್ತು.

ಅಷ್ಟರಲ್ಲಿ ಇನ್ನೊಬ್ಬ ಪ್ಯಾಕರ್, ಅವನ ಊರಿನವನೇ, ಬಾಯಿ ಬಿಟ್ಟ. "ಅವ್ರಮ್ಮ ಮಲ್ಗಿರೋದೇ ಕಂಪನಿ ಬ್ಯಾಗ್ ಮೇಲೆ ಸಾರ್. ಮಹಾರಾಣಿ ಥರ." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರು ಕೊಟ್ಟರು ಎಂದು ಮ್ಯಾನೇಜರು ಕೇಳಿದರು. ಚೀಲ ಒಯ್ದವನು ಒಂದು ಸಲ ನನ್ನ ಮುಖ ನೋಡಿದ. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಅವನು ನೆಲ ನೋಡಿದ. ಅಷ್ಟೇ. ಅಕ್ಕ ಹೇಳುತ್ತಾಳೆ ಎಂದು ಕಾದಿದ್ದು, ಅಕ್ಕ ಹೇಳುವುದಿಲ್ಲ ಎಂದು ಅರ್ಥವಾಗಿದ್ದು, ಎರಡೂ ಒಂದು ಗಂಟು ಹಾಕುವಷ್ಟು ಹೊತ್ತಿನಲ್ಲಿ ಮುಗಿಯಿತು.

ಸೆಕ್ಯುರಿಟಿಯವನ ಜೊತೆ ಹೋಗಿ ಆ ಚೀಲ ತನ್ನಿ ಎಂದು ಮ್ಯಾನೇಜರು ನನಗೇ ಹೇಳಿದರು. ಕಂಪನಿ ಬೈಕಿನ ಚೀಟಿಗೆ ಸಹಿ ಹಾಕುತ್ತಾ, ನಾನು ಕೇಳದೆಯೇ ಹೇಳಿದರು: "ಹಿಂದೆ ಊರು ಸೇರಿದ ಮೇಲೆ ಡನ್ನೇಜನ್ನ ಸಮುದ್ರಕ್ಕೆ ಎಸೀತಿದ್ರು ಮೇಡಂ. ಎತ್ತಿಟ್ಕೊಳ್ಳೋಕಲ್ಲ ಅದು ಇರೋದು. ಹಡಗು ಅಲ್ಲಾಡ್ದಾಗ ಮಧ್ಯೆ ಸಿಕ್ಕಿ ನಜ್ಜಾಗೋಕೆ. ಕಂಟ್ರಾಕ್ಟ್ ಜನಾನೂ ಅಷ್ಟೆ. ನೀವು ಪರ್ಮನೆಂಟು, ಸರಕಿನ ಕಡೆಯವರು. ಯಾಕೆ ತಲೆ ಕೆಡಿಸ್ಕೋತೀರಿ?"

ಅದೇ ಮಾತಿಗೆ ಹಡಗಿನಲ್ಲಿ ದುಡಿಯುವವರ ಬಟ್ಟೆಬರೆ ಗಂಟು ಎಂಬ ಅರ್ಥವೂ ಇದೆ ಎಂದು ಅವರೇ ಇನ್ನೊಂದು ದಿನ ಟೀ ಕುಡಿಯುವಾಗ ಹೇಳಿದ್ದರು. ಅದು ನೆನಪಾಯಿತು. ಚೀಟಿ ತೆಗೆದುಕೊಂಡು ಹೊರಟೆ.

ಅವನ ಮನೆ ಎಂದರೆ ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಪ್ಯಾಕರ್ ನಮಗಿಂತ ಮುಂಚೆ ಸೈಕಲಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಒಳಗೆ ಚೀಲದ ಮೇಲೆ ಹಳೆ ಸೀರೆ ಹಾಸಿ ಅವನ ತಾಯಿಯನ್ನು ಮಲಗಿಸಿದ್ದ. ಕೊಬ್ಬರಿ ಎಣ್ಣೆ, ಪೌಡರಿನ ವಾಸನೆ. ಪಕ್ಕದಲ್ಲಿ ಸೈಕಲ್ ಪಂಪು.

"ಯಾರ್ ಕಂದಾ?" ಎಂದಳು ಮುದುಕಿ. ಕಣ್ಣು ಮಂಜು.

"ಆಫೀಸಿನ ಅಕ್ಕ ಕಣಮ್ಮ."

"ಹಾಸ್ಗೆ ಕೊಟ್ಳಲ್ಲ, ಆ ಅಕ್ಕ್ನಾ? ಬಾ ತಾಯಿ, ಕೂತ್ಕೊ. ನಿನ್ ಹೊಟ್ಟೆ ತಣ್ಗಿರ್ಲಿ. ಬೆನ್ನು ಎಷ್ಟೋ ವಾಸಿ ಈಗ."

ಸೆಕ್ಯುರಿಟಿಯವನು ಅವತ್ತು ಗೇಟಿನಲ್ಲಿದ್ದವನಲ್ಲ, ಬೇರೆಯವನು; ನನ್ನನ್ನು ನೋಡಿದ, ಆಮೇಲೆ ಗೋಡೆ ನೋಡಿದ. ಆಗಲೂ ಹೇಳಬಹುದಿತ್ತು, ಬನ್ನಿ ವಾಪಸ್ ಹೋಗೋಣ ಎಂದು. ಹೇಳಲಿಲ್ಲ. ಪ್ಯಾಕರ್ ಬಾಗಿಲು ಬಿಟ್ಟು ಅಲುಗಲಿಲ್ಲ. ವಾಲ್ವು ಬಿಡುವುದು ಸೆಕ್ಯುರಿಟಿಯವನಿಗೆ ಗೊತ್ತಿಲ್ಲ. ನಾನೇ ಮಂಡಿಯೂರಿ ಸೀರೆಯ ಅಂಚು ಸರಿಸಿ ವಾಲ್ವು ಒತ್ತಿದೆ. ಅದು ಒಂದೇ ಸಲಕ್ಕೆ ಬಿಡುವುದಿಲ್ಲ, ಒತ್ತಿ ಹಿಡಿದುಕೊಂಡೇ ಇರಬೇಕು. ಗಾಳಿ ಬುಸ್ ಎನ್ನುತ್ತಿತ್ತು. ಮುದುಕಿ ನಿಧಾನವಾಗಿ ನೆಲದ ಕಡೆ ಇಳಿಯುತ್ತಾ ಬಂದಳು. "ಏನ್ ಕಂದಾ ಇದು, ಇಳೀತಾ ಇದೀನಿ" ಎಂದು ಕೇಳಿದಳು. "ರಿಪೇರಿ ಕಣಮ್ಮ" ಎಂದ ಮಗ. ಬೆನ್ನು ಸಿಮೆಂಟಿಗೆ ತಾಗಿದಾಗ ಅವಳು ಹಲ್ಲು ಕಚ್ಚಿದ ಸದ್ದು ಕೇಳಿತು. ಪಕ್ಕಕ್ಕೆ ಹೊರಳಿಸಿ ಚೀಲ ಎಳೆಯುವುದಕ್ಕೆ ಮೂರು ಜನ ಬೇಕಾಯಿತು. ಅವನೂ ಕೈ ಹಾಕಿದ.

ಬೈಕಿನಲ್ಲಿ ಬರುವಾಗ ಸೆಕ್ಯುರಿಟಿಯವನು, "ನಾನೇನೂ ಕೇಳಿಸ್ಕೊಂಡಿಲ್ಲ ಮೇಡಂ" ಎಂದ. ಉಪಕಾರ ಮಾಡಿದೆ ಎಂದುಕೊಂಡಿದ್ದ.

ಸಂಜೆ ಪ್ಯಾಕರ್ ಹೆಸರಿನಲ್ಲಿ ಒಂದು ಕಾಗದ ಬರೆಯಬೇಕಾಯಿತು. ಕನ್ನಡದಲ್ಲಿ ಅಕ್ಷರ ಚೆನ್ನಾಗಿರುವುದು ನನ್ನದೇ. ಮ್ಯಾನೇಜರು ಹೇಳಿದ ಹಾಗೆ ಬರೆದೆ: ಕಂಪನಿಯ ವಸ್ತು ನನ್ನ ಮನೆಯಲ್ಲಿ ಇದ್ದದ್ದು ನಿಜ, ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಅವನು ಪೂರ್ತಿ ಓದಿ ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸ್ ಕೊಟ್ಟ. ಪಿಲ್ಲಗುಂಪೆಯ ಯಾವ ಕಾರ್ಖಾನೆಗೂ ಇನ್ನು ಇವನನ್ನು ಕಳಿಸುವುದಿಲ್ಲ ಎಂದು ಕಂಟ್ರಾಕ್ಟರ್ ಅಲ್ಲೇ ನಿಂತು ಹೇಳಿದ. ಆ ದಿನ ಡೈರಿ ಬರೆಯಲಿಲ್ಲ.

ಸರ್ವೇಯರ್ ಬಂದ ದಿನ ಹೊಸ ಚೀಲ ಐದೇ ಇದ್ದವು, ಬೇಕಾದದ್ದು ಆರು. ಸಾಕ್ಷಿಗೆಂದು ಬೀರುವಿನ ಮೇಲೆ ಇಟ್ಟಿದ್ದ ಆ ಹಳೆ ಚೀಲವನ್ನೇ ಒರೆಸಿ ಹಾಕಿ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಹೊಸ ಪ್ಯಾಕರ್ ದಪ್ಪಗಿದ್ದ. ಸಂದಿಗೆ ನುಸುಳಲಾರದೆ ಮೇಲಿನಿಂದಲೇ ಇಳಿಬಿಟ್ಟ. ಟ್ಯೂಬಿನ ತೇಪೆ ಪೆಟ್ಟಿಗೆಯ ಕಡೆ ತಿರುಗಿತ್ತು, ಹೊರಗೆ ಕಾಣುತ್ತಿರಲಿಲ್ಲ. ಗಾಳಿ ತುಂಬಿದ. ಮುಳ್ಳು ಹಸಿರು ಗೆರೆಗೆ ಬಂತು. ಆ ಬಿಗಿಯಲ್ಲಿ ಚೀಲದಿಂದ ಕೊಬ್ಬರಿ ಎಣ್ಣೆಯ ವಾಸನೆ ಹೊರಟಿತು. ಸರ್ವೇಯರ್ ಆರೂ ಚೀಲಕ್ಕೆ ಟಾರ್ಚು ಬಿಟ್ಟು ನೋಡಿ, ತಟ್ಟಿ, ಬರೆದುಕೊಂಡರು. ನಾನು ನಂಬರಿನ ಹಲಗೆ ಹಿಡಿದು ಮುಂದೆ ನಿಂತೆ.

ಎರಡು ದಿನ. ಮೂರನೆಯ ದಿನ ಅದು ಸೊರಗುತ್ತದೆ. ಮುದುಕಿಯ ಮೈಯಡಿಯಲ್ಲಿದ್ದಾಗ ದಿನಾ ಬೆಳಿಗ್ಗೆ ಪಂಪು ಹೊಡೆಯುವ ಮಗನಿದ್ದ. ಹಡಗಿನಲ್ಲಿ ಯಾರೂ ಹೊಡೆಯುವುದಿಲ್ಲ. ಆ ಕಡೆ ಇನ್ನೊಬ್ಬ ಕೂಲಿಯವನು ಬಾಗಿಲು ತೆರೆಯುತ್ತಾನೆ.

"ಈ ಬ್ಯಾಗು ಸೋರುತ್ತೆ ಸಾರ್" ಎಂದೆ.

ಗೇಜು ಸರಿಯಾಗಿದೆಯಲ್ಲ ಎಂದರು ಸರ್ವೇಯರ್. ಹಿಂದೆ ತೇಪೆ ಇದೆ ಎಂದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಿದೆ. ಸೋರುತ್ತಿದ್ದುದರಿಂದಲೇ ನಾನು ಅದನ್ನು ಗೇಟ್ ಪಾಸ್ ಇಲ್ಲದೆ ಅವನಿಗೆ ಕೊಟ್ಟದ್ದು, ಫೋಟೋ ಆದ ಮೇಲೆ ಒತ್ತು ತೆಗೆಸುತ್ತಿದ್ದದ್ದು, ಯಾರ ಮಾತಿಗೆ ತೆಗೆಸುತ್ತಿದ್ದದ್ದು. ಬ್ಯಾಗಿನಿಂದ ಡೈರಿ ತೆಗೆದು ಪುಟ ತೋರಿಸಿದೆ. ಮ್ಯಾನೇಜರು ಅಡ್ಡ ಬರಲಿಲ್ಲ, ಕೈಕಟ್ಟಿ ನಿಂತಿದ್ದರು.

ಸರ್ವೇಯರ್ ಎರಡು ಪುಟ ತಿರುವಿದರು. "ಇದರಲ್ಲಿ ಅಡುಗೆ ಎಲ್ಲಾ ಇದೆಯಲ್ಲ" ಎಂದು ಮುಚ್ಚಿ ಕೊಟ್ಟರು. "ನನ್ನ ಕೆಲಸ ಇವತ್ತಿನ ಕಂಟೇನರ್ ಮಾತ್ರ ಮೇಡಂ. ಹಿಂದಿನದು ನಿಮ್ಮ ಮನೆ ವಿಷಯ. ಇದನ್ನ ತೆಗೆದು ಬೇರೆ ಹಾಕಿ."

ಪಕ್ಕದ ಕಾರ್ಖಾನೆಯಿಂದ ಒಂದು ಹೊಸ ಚೀಲ ತರಿಸಿ ಹಾಕಿದರು. ಕಂಟೇನರ್ ಪಾಸಾಯಿತು. ಅವರು ಹೋದ ಮೇಲೆ ಮ್ಯಾನೇಜರು ಬೈಯಲಿಲ್ಲ. ಗೇಟ್ ಪಾಸ್ ಇಲ್ಲದೆ ವಸ್ತು ಹೊರಗೆ ಬಿಟ್ಟದ್ದಕ್ಕೆ ನನಗೊಂದು ಮೆಮೊ ಕೊಟ್ಟರು. ಪ್ಯಾಕರನ್ನು ವಾಪಸ್ ಕರೆಸಿ ಎಂದು ಕೇಳಿದೆ. ಅವರು ಫೈಲು ತೆರೆದು ನಾನು ಬರೆದ ಕಾಗದವನ್ನೇ ನನ್ನ ಮುಂದೆ ತಿರುಗಿಸಿದರು. "ಸ್ವಂತ ಇಚ್ಛೆಯಿಂದ ಅಂತ ಇದೆಯಲ್ಲ ಮೇಡಂ. ಅಕ್ಷರ ಯಾರದ್ದು?"

ಆ ಹಳೆ ಚೀಲವನ್ನಾದರೂ ಪಾಸ್ ಬರೆದು ಅವನಿಗೆ ಕೊಡೋಣ ಎಂದೆ. ಮಾರನೆಯ ದಿನ ನೋಟೀಸು ಬೋರ್ಡಿಗೆ ಹೊಸ ನಿಯಮ ಬಂತು: ಉಪಯೋಗಿಸಿದ ಡನ್ನೇಜನ್ನು ಡಿಸ್ಪ್ಯಾಚ್‌ನವರು ಅಡ್ಡಡ್ಡ ಕತ್ತರಿಸಿಯೇ ಗುಜರಿಗೆ ಹಾಕತಕ್ಕದ್ದು. ನಾನು ನಿಜ ಹೇಳಿದ್ದರಿಂದ ಆದ ಬದಲಾವಣೆ ಅದೊಂದೇ. ಮೊದಲು ಕತ್ತರಿಸಿದ್ದು ಆ ಚೀಲ. ತರಕಾರಿ ಹೆಚ್ಚಿ ಪಳಗಿದ ಕೈ, ಆದರೂ ತೇಪೆಯ ಹತ್ತಿರ ಚಾಕು ತಡೆಯಿತು. ಗಟ್ಟಿಯಾಗಿ ಅಂಟಿಸಿದ್ದ.

ಭಾನುವಾರ ಹೊಸಕೋಟೆಯ ಮೆಡಿಕಲ್ ಸ್ಟೋರಿನಲ್ಲಿ ಗಾಳಿ ಹಾಸಿಗೆ ಕೊಂಡೆ. ಸಣ್ಣ ಮೋಟರು ಇರುತ್ತದೆ ಅದಕ್ಕೆ, ಗಾಳಿ ತಾನೇ ತುಂಬಿಕೊಳ್ಳುತ್ತದೆ. ಆಟೋದಲ್ಲಿ ಇಟ್ಟುಕೊಂಡು ಅವನ ಊರಿಗೆ ಹೋದೆ. ಅವನು ಚಪ್ಪರದಡಿ ಕೂತು ಯಾರದೋ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಒಳಗೆ ಗೋಣಿಯ ಮೇಲೆ ಮುದುಕಿ ಮಲಗಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಈ ಸಲ ಯಾರು ಬಂದರು ಎಂದು ಅವಳು ಕೇಳಲಿಲ್ಲ. ಎಣ್ಣೆ ಪೌಡರಿನ ವಾಸನೆ ಹೋಗಿ ಹುಣ್ಣಿನ ವಾಸನೆ ಬಂದಿತ್ತು.

ಸರ್ವೇಯರ್ ಮುಂದೆ ಎಲ್ಲವನ್ನೂ ಹೇಳಿದೆ ಎಂದು ಅವನಿಗೆ ಹೇಳಿದೆ. ಅವನು ಟ್ಯೂಬು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಒಳ್ಳೇದಾಯ್ತಕ್ಕ. ನಿಮ್ಗೆ ನಿದ್ದೆ ಬತ್ತದೆ" ಎಂದ.

ಹಾಸಿಗೆಯ ಡಬ್ಬ ಮುಂದೆ ಇಟ್ಟೆ. ಕೈ ಒರೆಸಿಕೊಂಡು ಎದ್ದು ಬಂದ. ಡಬ್ಬದ ಮೇಲಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದ. ಮುಟ್ಟಲಿಲ್ಲ.

"ಇದ್ಕೆ ಗೇಟ್ ಪಾಸ್ ಐತಾ ಅಕ್ಕ?"

ನಗುತ್ತಿರಲಿಲ್ಲ. ನಾನು ಬ್ಯಾಗಿನಿಂದ ಡೈರಿ ತೆಗೆದು ಒಂದು ಹಾಳೆ ಹರಿದೆ. ಗಾಳಿ ಹಾಸಿಗೆ, ಒಂದು. ಕೊಟ್ಟವರ ಹೆಸರು. ಪಡೆದವರ ಹೆಸರು. ಸಹಿ. ಅವನ ಕೈಗೆ ಕೊಟ್ಟೆ. ಕಾರ್ಖಾನೆಯ ಕಾಗದ ಓದಿದಷ್ಟೇ ನಿಧಾನವಾಗಿ, ಬೆರಳಿಟ್ಟು ಪೂರ್ತಿ ಓದಿದ. ಓದಿ ನನಗೇ ವಾಪಸ್ ಚಾಚಿದ.

"ತಾರೀಕು ಹಾಕಿಲ್ಲ" ಎಂದ.

ತಾರೀಕು ಹಾಕಿದೆ. ಅವನು ಚೀಟಿಯನ್ನು ನಾಲ್ಕಾಗಿ ಮಡಚಿ, ಅಂಗಿಯ ಜೇಬಿಗಿಟ್ಟು, ಗುಂಡಿ ಹಾಕಿಕೊಂಡ. ಆಮೇಲೆ ಡಬ್ಬ ಎತ್ತಿಕೊಂಡು ಒಳಗೆ ಹೋದ. ಹೋಗುತ್ತಾ ಬಾಗಿಲು ಎಳೆದುಕೊಂಡ.